ಮೇನ್ ಮೆಂಬರ್

ಜನವರಿ 10, ರಾತ್ರಿ 11:50

...ಹಾಂ, ಓಡ್ತಿದೆ. ಮತ್ತೆ ಟೆರೇಸು, ಮತ್ತೆ ನೀರಿನ ಟ್ಯಾಂಕ್ ಪಕ್ಕ. ಕೆಳಗೆ ರೂಮಲ್ಲಿ ಜೊತೆಗಿರೋ ಬೇಕರಿ ಅಣ್ಣ ಮಲಗಿದ್ದಾನೆ. ಮೂರು ಗಂಟೆಗೆ ಎದ್ದು ಹಿಟ್ಟು ನಾದೋಕೆ ಹೋಗಬೇಕು ಅವನು. ನಾನು ಪಿಸುಗುಟ್ಟಿದರೂ ಎದ್ದು ಕೂರ್ತಾನೆ. "ಯಾರ ಹತ್ರನೋ ಮಾತು? ದೆವ್ವದ ಹತ್ರನಾ?" ಯಾರ ಹತ್ರನೂ ಇಲ್ಲ. ಒಳಗಿರೋದನ್ನ ಫೋನಿಗೆ ಸುರಿದರೆ ಒಂದು ಗಂಟೆ ನಿದ್ದೆ ಬರುತ್ತೆ, ಅಷ್ಟೇ.

ಇವತ್ತು ಐದು ಲಿಫ್ಟ್. ಎರಡಕ್ಕೆ ಬರೀ ಗ್ರೀಸು. ಒಂದರ ಬಾಗಿಲು ಮುಚ್ಚುತ್ತಿರಲಿಲ್ಲ — ಸೆನ್ಸರ್ ಮೇಲೆ ಯಾರೋ ಚ್ಯೂಯಿಂಗ್ ಗಮ್ ಅಂಟಿಸಿದ್ದರು. ಒಳಗೆ ತೂಗುಹಾಕಿರೋ ಕಾರ್ಡಿಗೆ ತಾರೀಖು, ಟೈಮು, ಸಹಿ. ದಿನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ... ಎಲ್ಲೂ ಹೋಗಿಲ್ಲ. ಒಂಬತ್ತು ವರ್ಷದಲ್ಲಿ ಇದು ಏಳನೇ ಊರು. ಬಂದು ಹನ್ನೊಂದು ತಿಂಗಳಾಯ್ತು. ಅಂಗಾಲು ಕಡಿಯೋಕೆ ಶುರುವಾಗಿದೆ.

ಒಂಬತ್ತೂವರೆಗೆ ಹೆಂಡತಿಯ ಫೋನ್. ಮೆಷಿನ್ ರೂಮಲ್ಲಿ ನಿಂತು ಮಾತಾಡಿದೆ. ಮದುವೆಯಾಗಿ ಏಳು ತಿಂಗಳು, ಒಟ್ಟಿಗೆ ಇದ್ದದ್ದು ಒಂಬತ್ತೇ ದಿನ. ಏಪ್ರಿಲ್‌ನಲ್ಲಿ ಪುಟ್ಟಿಯ ಪರೀಕ್ಷೆ ಮುಗಿಯುತ್ತಂತೆ. ಮುಗಿದ ಮೇಲೆ, ಹದಿನಾಲ್ಕಕ್ಕೆ, ಇಬ್ಬರೂ ಇಲ್ಲಿಗೆ. ಪುಟ್ಟಿ ಅವಳ ಮಗಳು, ಮೊದಲನೇ ಮದುವೆಯದು. ಆರು ವರ್ಷ. ನನ್ನನ್ನ ಇನ್ನೂ ಏನಂತಲೂ ಕರೆಯಲ್ಲ. ಫೋನ್ ಕೊಟ್ಟರೆ ಉಸಿರು ಮಾತ್ರ ಕೇಳುತ್ತೆ. ಇವತ್ತು ಮೊದಲನೇ ಸಲ ಮಾತಾಡಿದಳು.

"ನಾನು ಬಸ್ಸಲ್ಲಿ ಬರಲ್ಲ. ವಾಂತಿ ಬರುತ್ತೆ. ನನ್ ಸೈಕಲ್ಲೂ ಬರಬೇಕು."

"ಕಾರಲ್ಲಿ ಬಂದು ಕರ್ಕೊಂಡು ಹೋಗ್ತೀನಿ. ಆಯ್ತಾ?"

"ಕಾರ್ ಇದೆಯಾ ನಿಮ್ಮತ್ರ?"

ಇದೆ ಅಂದುಬಿಟ್ಟೆ. ಇಲ್ಲ. ಏಪ್ರಿಲ್ ಒಳಗೆ ಇರಬೇಕು.


ಜನವರಿ 17, ರಾತ್ರಿ 12:10

ಕಾರು ನೋಡಿದೆ. ನಮ್ಮ ಆಫೀಸಿನ ಹಿಂದಿನ ಬೀದೀಲಿ ಗ್ಯಾರೇಜ್ ಇಟ್ಟಿರೋ ಅಕ್ಕನ ಹತ್ರ. ಐವತ್ತು ದಾಟಿರಬೇಕು, ಮೊಣಕೈ ತನಕ ಮಸಿ, ಕಿವಿ ಹಿಂದೆ ಟೆಸ್ಟರ್. ಬೆಳ್ಳಿ ಬಣ್ಣದ ಸೆಡಾನು, ಹನ್ನೊಂದು ವರ್ಷದ್ದು. ಉದ್ದಕ್ಕೆ, ಅಗಲಕ್ಕೆ... ಒಂದು ರೂಮು ನಿಂತಂಗೆ ನಿಂತಿತ್ತು.

ಟೈರಿಗೆ ಒಂದು ಸಲ ಒದ್ದೆ. ಎಲ್ಲರೂ ಒದೀತಾರಲ್ಲ.

"ಒದ್ದರೆ ಏನಯ್ಯ ಗೊತ್ತಾಗುತ್ತೆ? ಕಾಲು ನೋಯುತ್ತೆ, ಅಷ್ಟೇ. ಬಾನೆಟ್ ತೆಗೆದು ನೋಡು."

ಆಯಿಲ್ ಮುಚ್ಚಳ ತೆಗೆದೆ. ಬಿಳಿ ನೊರೆ ಇಲ್ಲ. ಬೆಲ್ಟ್ ಹೊಸದು. ನಾಲ್ಕು ಟೈರಲ್ಲಿ ಎರಡು ಸವೆದಿವೆ, ಬದಲಾಯಿಸಿ ಕೊಡ್ತೀನಿ ಅಂದಳು. ಹಿಂದಿನ ಸೀಟಲ್ಲಿ ಕೂತು ಕಾಲು ಚಾಚಿದೆ — ಮುಂದಿನ ಸೀಟು ತಾಗಲಿಲ್ಲ. ಆಮೇಲೆ ಕೆಲಸದ ಟೇಪು ತೆಗೆದು ಡಿಕ್ಕಿ ಅಳೆದೆ. ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡ್ತಾ ನಿಂತಳು.

"ಹೆಣ ಗಿಣ ಸಾಗಿಸ್ತೀಯೇನು?"

"ಸೈಕಲ್ ಅಕ್ಕ. ಮಗುದು."

"ಸೈಕಲ್ಲಾ? ಹ್ಯಾಂಡಲ್ ತಿರುಗಿಸಿ ಮಲಗಿಸು, ಹಿಡಿಯುತ್ತೆ. ಒಬ್ಬನಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಅಂತ ನಾನೂ ಯೋಚಿಸ್ತಿದ್ದೆ. ಸಂಸಾರಸ್ಥರ ಗಾಡಿ ಇದು."

"ಏಪ್ರಿಲ್‌ಗೆ ಬರ್ತಿದೆ ಸಂಸಾರ."

"ಗಾಡಿ ಮೊದಲು, ಸಂಸಾರ ಆಮೇಲೆ! ಆಗಲಿ ಬಿಡು."

ಆಮೇಲೆ ಒಂದು ರಟ್ಟಿನ ಕಾರ್ಡ್ ಕೊಟ್ಟಳು. ಆರು ಚೌಕ. ಐದು ಸರ್ವಿಸ್‌ಗೆ ಐದು ಸೀಲು, ಆರನೇದು ಫ್ರೀ. ಆರು ತಿಂಗಳಿಗೊಂದು ಸರ್ವಿಸ್. ಮನಸ್ಸಲ್ಲೇ ಲೆಕ್ಕ ಹಾಕ್ತಿದ್ದೆ, ಅವಳೇ ಹೇಳಿದಳು — "ಎರಡೂವರೆ ವರ್ಷ. ಇರ್ತೀಯಾ ಅಷ್ಟು ದಿನ? ಇರೋನ ಮುಖ ಅಲ್ಲ ನಿಂದು."

ನಕ್ಕೆ. ಈಗ ನಗು ಬರ್ತಿಲ್ಲ.


ಜನವರಿ 24, ರಾತ್ರಿ 11:30

ಈಗ ಮಾತಾಡ್ತಿರೋದು ಕಾರೊಳಗಿಂದ. ನನ್ನ ಕಾರು! ರೂಮಿನ ಕೆಳಗೇ ನಿಲ್ಲಿಸಿದ್ದೀನಿ. ಗಾಜು ಏರಿಸಿದರೆ ಯಾರಿಗೂ ಕೇಳಲ್ಲ. ಜೋರಾಗಿ ಮಾತಾಡಬಹುದು. ಹಾಡಬಹುದು. ಬೇಕರಿ ಅಣ್ಣ ಬಂದು ಸುತ್ತ ನೋಡಿ ಹೋದ. "ನನ್ನನ್ನ ರೂಮಿಂದ ಓಡಿಸೋಕೆ ಅಂತಾನೇ ಮದುವೆ ಮಾಡ್ಕೊಂಡ್ಯಲ್ಲೋ ಗಾಳಿಪಟ." ಅವನು ಇಟ್ಟ ಹೆಸರು ಅದು. ಅವಳು, ಪುಟ್ಟಿ ಬಂದ ದಿನ ಬೇಕರಿ ಮಹಡಿಗೆ ಹೋಗ್ತೀನಿ ಅಂದಿದ್ದಾನೆ, ಪಾಪ, ಈಗಲೇ ಟ್ರಂಕಿನ ಧೂಳು ಒರೆಸ್ತಿದ್ದಾನೆ.

ನಿನ್ನೆ ಮಂಗಳವಾರ, ರಜೆ. ಗಾಡಿ ತಗೊಂಡು ನೇರ ಪೆಟ್ರೋಲ್ ಪಂಪಿಗೆ. ಕೌಂಟರಲ್ಲಿ ಒಬ್ಬರಿದ್ದಾರೆ, ಪಾಯಿಂಟ್ಸ್ ಮೇಡಂ ಅಂತ ಆಗಲೇ ಹೆಸರಿಟ್ಟಾಯ್ತು. ದುಡ್ಡು ತಗೊಳ್ಳೋಕೆ ಮೊದಲೇ "ಕಾರ್ಡ್ ಇದೆಯಾ ಸಾರ್?" ಇಲ್ಲ ಅಂದರೆ ಬಿಡಲ್ಲ.

"ಫ್ಯಾಮಿಲಿ ಕಾರ್ಡ್ ಮಾಡಿಸಿ. ಡಬಲ್ ಪಾಯಿಂಟ್ಸ್. ನಮ್ಮ ಕಂಪನಿ ಪಂಪ್ ಯಾವ ಊರಲ್ಲಿದ್ದರೂ ನಡೆಯುತ್ತೆ. ಪೆಟ್ರೋಲ್, ಆಯಿಲ್, ಅಂಗಡಿ ಸಾಮಾನು ಎಲ್ಲದಕ್ಕೂ."

ಗಾಜಿನ ಹಿಂದೆ ಗಿಫ್ಟುಗಳ ಪಟ್ಟಿ. ಕೊಡೆ, ಫ್ಲಾಸ್ಕು... ಕೊನೇಲಿ ಒಂದು ಕೆಂಪು ಮಕ್ಕಳ ಸೀಟು. ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟ್ ಹಾಕೋದು. ಅದರಲ್ಲಿ ಕೂತರೆ ಪುಟ್ಟಿಗೆ ಕಿಟಕಿ ಸರಿಯಾಗಿ ಕಾಣುತ್ತೆ, ವಾಂತಿ ಬರಲ್ಲ. ಮೂರು ಸಾವಿರ ಪಾಯಿಂಟ್ಸ್.

ಫಾರ್ಮಲ್ಲಿ ಮೇನ್ ಮೆಂಬರ್ ನಂಬರ್ ಬರೀಬೇಕು. ಮೇಡಂ ಎಚ್ಚರಿಕೆ ಕೊಟ್ಟರು — "ನಂಬರ್ ಬದಲಾಯಿಸಿದರೆ ಪಾಯಿಂಟ್ಸ್ ಎಲ್ಲಾ ಹೋಗುತ್ತೆ, ನೋಡಿ ಬರೀರಿ." ನನ್ನದು ಮೂರು ವರ್ಷದಲ್ಲಿ ನಾಲ್ಕನೇ ಸಿಮ್ಮು. ಅವಳದು ಹನ್ನೆರಡು ವರ್ಷದಿಂದ ಒಂದೇ ನಂಬರ್. ಅವಳದೇ ಬರೆದೆ. ಎರಡನೇ ಮೆಂಬರ್ ನಾನು. ಅವಳಿಗೆ ಹೇಳಿಲ್ಲ. ಸೀಟು ಬಂದ ಮೇಲೆ ಹೇಳಿದರಾಯ್ತು.


ಜನವರಿ 31, ರಾತ್ರಿ 12:30

ಒಂದು ಸಣ್ಣ ವಿಷಯ. ದೊಡ್ಡದು ಮಾಡೋದು ಬೇಡ.

ನಿಂತ ಗಾಡಿಯ ಬ್ಯಾಟರಿ ಇಳಿಯುತ್ತೆ, ವಾರಕ್ಕೊಂದು ಸಲ ಓಡಿಸು ಅಂದಿದ್ದಳು ಗ್ಯಾರೇಜ್ ಅಕ್ಕ. ನಿನ್ನೆ ರಜೆ. ಓಡಿಸಿದೆ. ರಿಂಗ್ ರೋಡ್ ಸುತ್ತಿ ಬರೋಣ ಅಂತ ಹೊರಟೆ, ಹೈವೇ ಬೋರ್ಡ್ ಕಂಡಿತು, ಕೈ ತಾನಾಗೇ ತಿರುಗಿಸಿತು. ನಲವತ್ತೈದು ಕಿಲೋಮೀಟರ್. ಕಿಟಕಿ ಇಳಿಸಿ ಗಾಳಿ ಕುಡಿದೆ. ಆ ಕಡೆ ಪಂಪಲ್ಲಿ ಸ್ವಲ್ಪ ಪೆಟ್ರೋಲ್, ಕಾರ್ಡ್ ಉಜ್ಜಿದೆ. ಪಾಯಿಂಟ್ಸ್ ಸೇರಲಿ.

ಒಂದು ಗಂಟೆಗೆ ಅವಳ ಫೋನ್. ಊಟದ ಬಿಡುವು. ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸ ಅವಳದು.

"ಎಲ್ಲಿದ್ದೀರಿ?"

"ರೂಮಲ್ಲೇ. ಬಟ್ಟೆ ಒಗೀತಿದ್ದೆ."

ಯಾಕೆ ಹಾಗಂದೆ? ಪಕ್ಕದಲ್ಲಿ ಲಾರಿ ಹೋಗ್ತಿತ್ತು, ಗಾಜು ಏರಿಸಿದೆ. ಕಾರ್ ಓಡಿಸ್ತಿದ್ದೀನಿ ಅಂದಿದ್ದರೆ ಏನಾಗ್ತಿತ್ತು? ಏನೂ ಇಲ್ಲ. ಬಾಯಿಗೆ ಬಂತು. ಏಳು ಊರಲ್ಲೂ ಹೀಗೇ — ಯಾರಾದರೂ ಎಲ್ಲಿದ್ದೀಯ ಅಂದರೆ ಇನ್ನೊಂದು ಜಾಗ ಹೇಳ್ತೀನಿ.

"ಹೂಂ. ಒಗೆದು ಮುಗೀತಾ?" ಅಂದಳು ಅವಳು.

ರಿಜಿಸ್ಟರ್ ಆಫೀಸಿನ ಬೆಂಚು ನೆನಪಾಗ್ತಿದೆ. ನಮ್ಮ ಸರದಿಗೆ ಕಾಯ್ತಿದ್ವಿ. ಮದುವೆಗೆ ಹತ್ತು ನಿಮಿಷ ಮುಂಚೆ ಹೇಳಿದಳು. "ನನಗೆ ಬೇರೇನೂ ಬೇಡ. ಮೊದಲನೆಯವನು ಎರಡು ವರ್ಷ ದಾರೀಲಿದ್ದೀನಿ, ದಾರೀಲಿದ್ದೀನಿ ಅಂದ. ಬೇರೆ ಮನೆಯೊಳಗೆ ಕೂತು. ನೀವು ಎಲ್ಲಿದ್ದೀರಿ ಅಂದ್ರೆ ಇರೋ ಜಾಗ ಹೇಳಿ. ಕೆಟ್ಟ ಜಾಗ ಆದ್ರೂ ಪರವಾಗಿಲ್ಲ. ಇರೋ ಜಾಗ." ರಕ್ತದ ಟ್ಯೂಬಿನ ಮೇಲೆ ಟೈಮ್ ಬರೀದಿದ್ದರೆ ವಾಪಸ್ ಕಳಿಸೋ ಹೆಂಗಸು ಅವಳು.

ಆಯ್ತು ಅಂದಿದ್ದೆ. ಅದೊಂದೇ ಅವಳು ಕೇಳಿದ್ದು.


ಫೆಬ್ರವರಿ 14, ರಾತ್ರಿ 11:45

ನಿನ್ನೆ ನೂರಿಪ್ಪತ್ತು ಕಿಲೋಮೀಟರ್. ಕ್ಷೌರದ ಅಂಗಡೀಲಿದ್ದೀನಿ ಅಂದೆ.

"ಗಾಡಿಗೆ ಪೆಟ್ರೋಲ್ ಹಾಕಿಸಿದ್ರಾ?" ಅಂತ ಕೇಳಿದಳು.

"ಇಲ್ಲ, ಯಾಕೆ?"

"ಸುಮ್ಮನೆ ಕೇಳಿದೆ."

ಇವತ್ತು ಓಡಿ ಹೋಗಿ ನಿಜವಾಗಲೂ ಕ್ಷೌರ ಮಾಡಿಸಿಕೊಂಡೆ. ವಿಡಿಯೋ ಕಾಲಲ್ಲಿ ತೋರಿಸೋಕೆ. ಹುಚ್ಚು.

ಪುಟ್ಟಿ ಸ್ವಲ್ಪ ಬಾಯಿ ಬಿಡ್ತಿದ್ದಾಳೆ. ಬರೀ ಕಾರಿನ ವಿಷಯ. "ಹಿಂದಿನ ಸೀಟಲ್ಲಿ ಮಲಗಬಹುದಾ? ಎರಡೂ ಕಿಟಕಿ ನಂದೇನಾ?" ಎರಡೂ ನಿಂದೇ ಅಂದೆ. "ಹಂಗಾದ್ರೆ ನೀವೆಲ್ಲಿ ಕೂರ್ತೀರಿ?" ನಾನು ಓಡಿಸಬೇಕಲ್ಲ ಪುಟ್ಟಿ. "ಹೌದಲ್ಲ" ಅಂದಳು. ನಾನು ಇರ್ತೀನಿ ಅನ್ನೋದು ಆಗ ಗೊತ್ತಾಯ್ತು ಅನ್ನೋ ಹಾಗೆ.


ಫೆಬ್ರವರಿ 28, ರಾತ್ರಿ 12:05

ಬೆಳಿಗ್ಗೆ ಗ್ಯಾರೇಜ್. ಆಯಿಲ್ ಬದಲಾಯಿಸೋ ಹೊತ್ತಾಗಿತ್ತು. ಅಕ್ಕ ಮೀಟರ್ ನೋಡಿದಳು. ನನ್ನ ನೋಡಿದಳು. ಮತ್ತೆ ಮೀಟರ್.

"ಕೆಲಸಕ್ಕೆ ಹೋಗಿ ಬರೋದು ಹನ್ನೆರಡು ಕಿಲೋಮೀಟರ್ ಅಂದಿದ್ದೆ ಅಲ್ವಾ?"

"ಹೂಂ."

"ಇದೇನಿದು? ಬಾಡಿಗೆಗೆ ಬಿಟ್ಟಿದ್ದೀಯಾ?"

"ರಜೆ ದಿನ ಸ್ವಲ್ಪ..."

"ಇದು ಸ್ವಲ್ಪನಾ? ಆರು ತಿಂಗಳಿಗೆ ಬರೋನು ಒಂದು ತಿಂಗಳಿಗೆ ಬಂದಿದ್ದೀಯ." ಆಯಿಲ್ ಇಳಿಸಿದಳು. ಆಮೇಲೆ ಗಾಡಿ ಕೆಳಗಿಂದಲೇ — "ಗಾಡಿ ಗಟ್ಟಿ ಇದೆಯಯ್ಯ. ಓಡಿಸೋನ ಬಗ್ಗೆ ನಾನು ಗ್ಯಾರಂಟಿ ಕೊಡಲ್ಲ."

ವಾಟರ್ ಪಂಪ್ ಸ್ವಲ್ಪ ಒಸರ್ತಿದೆಯಂತೆ. ಮುಂದಿನ ತಿಂಗಳು ಬದಲಾಯಿಸಬೇಕು, ಪಾರ್ಟ್ ತರಿಸ್ತಾಳೆ. ಅಲ್ಲಿವರೆಗೆ ದೂರ ಹೋಗಬೇಡ, ಕೂಲೆಂಟ್ ನೋಡ್ತಿರು, ಇಂಜಿನ್ ಬಿಸಿ ತೋರಿಸೋ ಮುಳ್ಳು ಅರ್ಧ ದಾಟಿದರೆ ಅಲ್ಲೇ ನಿಲ್ಲಿಸು. ಮೊದಲನೇ ಸೀಲು ಒತ್ತಿದಳು.

ಐದು ಚೌಕ ಖಾಲಿ. ಕಾರ್ಡು ಜೇಬಿನ ಆಳಕ್ಕೆ ತುರುಕಿದೆ. ನಿಜ ಹೇಳಬೇಕು ಅಂದರೆ... ಇಲ್ಲಿ ಯಾರು ಕೇಳ್ತಾರೆ, ಹೇಳ್ತೀನಿ. ಇಬ್ಬರು ಬಂದು, ಎರಡು ಕಿಟಕಿ ಹಂಚಿಕೊಂಡು, ನಾನು ಎಲ್ಲಿಗೆ ಹೋಗ್ತೀನಿ ಅಂತ ಕಾಯ್ತಾ ಕೂರ್ತಾರೆ. ನನಗೆ ಹೋಗೋದು ಗೊತ್ತು. ಕರ್ಕೊಂಡು ಹೋಗೋದು ಗೊತ್ತಿಲ್ಲ.


ಮಾರ್ಚ್ 13, ರಾತ್ರಿ 1:20

ನಿನ್ನೆಯದು ಹೇಳಿಬಿಡ್ತೀನಿ. ಒಂದೇ ಸಲ.

ಬೆಳಿಗ್ಗೆ ಬ್ಯಾಗ್ ತುಂಬಿದೆ. ಬಟ್ಟೆ, ಸರ್ಟಿಫಿಕೇಟು, ನನ್ನ ಸ್ಪ್ಯಾನರ್ ಸೆಟ್ಟು. ಬೇಕರಿ ಅಣ್ಣ ಇರಲಿಲ್ಲ. ಡಿಕ್ಕಿಯಲ್ಲಿಟ್ಟೆ, ಸೈಕಲ್ ಮಲಗಬೇಕಾದ ಜಾಗದಲ್ಲಿ. ಹೊರಟೆ. ಎಲ್ಲಿಗೆ ಅಂತ ಇಲ್ಲ. ಹಿಂದಿನ ಆರು ಊರನ್ನೂ ಹೀಗೇ ಬಿಟ್ಟಿದ್ದು — ರಜೆ ದಿನ, ಯಾರಿಗೂ ಹೇಳದೆ.

ಒಂದು ಗಂಟೆಗೆ ಫೋನ್ ಬಂದಾಗ ಜ್ವರ, ಮಲಗಿದ್ದೀನಿ ಅಂದೆ. "ಮಾತ್ರೆ ತಗೊಂಡ್ರಾ?" ಅಂದಳು. ತಗೊಂಡೆ ಅಂದೆ. ಆಗ ಇನ್ನೂರೈವತ್ತನೇ ಕಿಲೋಮೀಟರಲ್ಲಿದ್ದೆ.

ಮುನ್ನೂರಹತ್ತಕ್ಕೆ ರಸ್ತೆ ಕವಲೊಡೆಯುತ್ತೆ. ಎಡಕ್ಕೆ ಹೋದರೆ ಅವಳ ಊರು. ಬಲಕ್ಕೆ ಹೋದರೆ ಯಾವುದೋ. ಕವಲಿಗೆ ಸ್ವಲ್ಪ ಮುಂಚೆ ದೊಡ್ಡ ಪಂಪು, ಬಸ್ಸುಗಳು ನಿಲ್ಲೋದು. ಅಲ್ಲಿಗೆ ಬರೋ ಹೊತ್ತಿಗೆ ಮುಳ್ಳು ಅರ್ಧ ದಾಟಿ ಮೇಲಕ್ಕೆ ಹೋಗ್ತಿತ್ತು. ಬಾನೆಟಿಂದ ಕೂಲೆಂಟಿನ ಸಿಹಿ ಸಿಹಿ ವಾಸನೆ. ನಿಲ್ಲಿಸಿದೆ. ಅಕ್ಕನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯ?"

ಅಕ್ಕನಿಗೆ ನಿಜ ಹೇಳಿದೆ ನೋಡು. ಗಾಡಿ ಕೆಟ್ಟಾಗ ನಿಜ ಬರುತ್ತೆ ಬಾಯಲ್ಲಿ.

ಬೈದಳು. ಹೇಗೆ ಬೈದಳು ಅಂದರೆ ಪಕ್ಕದ ಲಾರಿ ಡ್ರೈವರ್ ತಿರುಗಿ ನೋಡಿದ. ಆಮೇಲೆ — "ರೇಡಿಯೇಟರ್ ಮುಚ್ಚಳ ಈಗಲೇ ತೆಗೀಬೇಡ, ಮುಖ ಬೇಯುತ್ತೆ. ಎರಡು ಗಂಟೆ ಆರಲಿ. ಕೂಲೆಂಟ್ ಹಾಕು. ಅರವತ್ತರ ಮೇಲೆ ಹೋಗದೆ ವಾಪಸ್ ಬಾ. ಮುಂದಕ್ಕಲ್ಲ, ವಾಪಸ್. ಕೇಳಿಸ್ತಾ?"

ಎರಡು ಗಂಟೆ ಆ ಕಟ್ಟೆ ಮೇಲೆ ಕೂತೆ. ಕೂಲೆಂಟ್ ಒಂದು ಕ್ಯಾನು ತಗೊಂಡೆ. ಕಾರ್ಡ್ ಕೊಟ್ಟೆ! ಓಡಿ ಹೋಗೋನು ಪಾಯಿಂಟ್ಸ್ ಸೇರಿಸ್ತಿದ್ದೆ, ಮಕ್ಕಳ ಸೀಟಿಗೆ. ಇದಕ್ಕೆ ಏನಂತ ಹೇಳೋದು?

ವಾಪಸ್ ಬಂದೆ. ಅವರಿಬ್ಬರನ್ನ ನೆನೆದು ಬಂದೆ ಅಂದರೆ ಚೆನ್ನಾಗಿರುತ್ತೆ. ಆದರೆ ಅಕ್ಕ ಬಾ ಅಂದಳು, ಬಂದೆ. ಅಷ್ಟೇ ಗೊತ್ತು.

ಬ್ಯಾಗ್ ಇನ್ನೂ ಡಿಕ್ಕಿಯಲ್ಲೇ ಇದೆ.


ಮಾರ್ಚ್ 27, ರಾತ್ರಿ 12:40

ಫೋನ್ ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದೀನಿ.

ಮೂರು ಸಾವಿರ ಪಾಯಿಂಟ್ಸ್ ಆಯ್ತು. ನಿನ್ನೆ ಎಲ್ಲೂ ಹೋಗಲಿಲ್ಲ, ಸಂಜೆ ನಮ್ಮ ಪಂಪಿಗೆ ಹೋಗಿ "ಮೇಡಂ, ಕೆಂಪು ಸೀಟು" ಅಂದೆ. ಅವರಿಗೂ ಖುಷಿ. ಕಂಪ್ಯೂಟರ್ ಒತ್ತಿದರು. "ಓಟಿಪಿ ಹೋಗಿದೆ ಸಾರ್, ಮೇನ್ ಮೆಂಬರ್ ನಂಬರಿಗೆ. ಕೇಳಿ ಹೇಳಿ."

ಸರ್‌ಪ್ರೈಸ್ ಹೋಯ್ತು, ಆಗಲಿ ಅಂತ ಅವಳಿಗೆ ಫೋನ್ ಮಾಡಿದೆ. ಒಂದು ನಂಬರ್ ಬಂದಿದೆಯಂತೆ, ಹೇಳ್ತೀಯಾ ಅಂದೆ. ಏನು ಎತ್ತ ಕೇಳಲಿಲ್ಲ. ಆರು ಅಂಕಿ ನಿಧಾನ ಹೇಳಿದಳು. ಆಮೇಲೆ —

"ಮನೆ ಹತ್ರದ ಪಂಪಲ್ಲಿದ್ದೀರಿ ಅಲ್ವಾ?"

"ಹೌದು. ನಿನಗೆ ಹೇಗೆ..."

"ನೀವು ಕಾರ್ಡ್ ಉಜ್ಜಿದಾಗೆಲ್ಲ ನನಗೆ ಮೆಸೇಜ್ ಬರುತ್ತೆ ರೀ. ಯಾವ ಪಂಪು, ಎಷ್ಟು ಗಂಟೆ, ಏನು ತಗೊಂಡ್ರಿ. ಜನವರಿಯಿಂದ."

ಕೌಂಟರ್ ಹಿಡ್ಕೊಂಡು ನಿಂತೆ. ಮೇಡಂ ಸನ್ನೆ ಮಾಡ್ತಿದ್ದರು, ಓಟಿಪಿ ಟೈಮ್ ಮುಗಿಯುತ್ತೆ ಅಂತ.

"ಬಟ್ಟೆ ಒಗೀತಿದ್ದೀನಿ ಅಂದ್ರಿ, ನಲವತ್ತೈದು ಕಿಲೋಮೀಟರ್ ಆಚೆ ಪೆಟ್ರೋಲ್. ಕ್ಷೌರ ಅಂದ್ರಿ. ಜ್ವರ ಅಂದ ದಿನ ಕವಲಿನ ಪಂಪಲ್ಲಿ ಕೂಲೆಂಟ್. ನಾನು ಏನನ್ಕೊಂಡಿದ್ದೆ ಗೊತ್ತಾ? ನೀವು ಬೇಕಂತಲೇ ನನ್ನ ನಂಬರ್ ಕೊಟ್ಟಿದ್ದೀರಿ ಅಂತ. ಇರೋ ಜಾಗ ಬಾಯಲ್ಲಿ ಹೇಳೋಕಾಗಲ್ಲ ಇವರಿಗೆ, ಅದಕ್ಕೆ ಕಾರ್ಡ್ ಕೈಲಿ ಹೇಳಿಸ್ತಿದ್ದಾರೆ ಅಂತ. ಕಲೀತಾರೆ ನಿಧಾನಕ್ಕೆ ಅಂತ ಸುಮ್ಮನಿದ್ದೆ."

ಮೇಡಂ ಕಡೆ ಬೆನ್ನು ಮಾಡಿ ನಿಂತೆ.

"ನಿಮಗೆ ಗೊತ್ತೇ ಇರಲಿಲ್ವಾ?"

ಗೊತ್ತಿತ್ತು ಅನ್ನಬಹುದಿತ್ತು. ಒಂದೇ ಮಾತು. ಎಲ್ಲಾ ಸರಿಹೋಗ್ತಿತ್ತು.

"ಇಲ್ಲ" ಅಂದೆ.

"ಅಯ್ಯೋ" ಅಂದಳು. ಕೋಪ ಇರಲಿಲ್ಲ ಅದರಲ್ಲಿ. ಕೈಜಾರಿ ಏನೋ ಒಡೆದಾಗ ಅಂತಾರಲ್ಲ, ಹಾಗೆ. ಫೋನ್ ಇಟ್ಟಳು.

ಓಟಿಪಿ ಟೈಮ್ ಮುಗೀತು. ಸೀಟು ಗಾಜಿನ ಹಿಂದೆಯೇ ಇದೆ.


ಮಾರ್ಚ್ 30, ರಾತ್ರಿ 11:40

ಇವತ್ತೂ ಫೋನ್ ಎತ್ತಲಿಲ್ಲ ಅವಳು.


ಏಪ್ರಿಲ್ 3, ರಾತ್ರಿ 12:15

ಇವತ್ತು ಅವಳೇ ಮಾಡಿದಳು. ನಾನು ಹನ್ನೆರಡನೇ ಮಹಡಿಯ ಮೇಲೆ, ಮೆಷಿನ್ ರೂಮಲ್ಲಿ, ಬ್ರೇಕ್ ಬಿಚ್ಚಿ ಕೂತಿದ್ದೆ. ಎತ್ತಿದ ತಕ್ಷಣ, ಕೇಳೋಕೆ ಮುಂಚೆ ಜಾಗ ಹೇಳಿದೆ. ಕಟ್ಟಡ, ಮಹಡಿ, ಎಲ್ಲಾ. ಅವಳು ನೇರ ವಿಷಯಕ್ಕೆ ಬಂದಳು.

"ಒಂದೇ ಕೇಳ್ತೀನಿ. ಕವಲಿನ ಪಂಪಿಗೆ ಹೋದ ದಿನ, ಡಿಕ್ಕಿಯಲ್ಲಿ ಬ್ಯಾಗ್ ಇತ್ತಾ?"

ಬ್ಯಾಗಿನ ಬಗ್ಗೆ ಮೆಸೇಜ್ ಹೋಗಲ್ಲ. ಅದು ನನಗೊಬ್ಬನಿಗೇ ಗೊತ್ತು. ಈ ಫೋನಿಗೆ ಮತ್ತು ನನಗೆ.

"ಇತ್ತು."

"ಯಾವ ಕಡೆ ತಿರುಗ್ತಿದ್ರಿ? ಎಡಕ್ಕೋ ಬಲಕ್ಕೋ?"

"ಗೊತ್ತಿಲ್ಲ."

"ಮತ್ತೆ ಯಾಕೆ ವಾಪಸ್ ಹೋದ್ರಿ?"

"ಗ್ಯಾರೇಜ್ ಅಕ್ಕ ಬಾ ಅಂದಳು."

ಕೆಳಗಿಂದ ಸೆಕ್ಯುರಿಟಿಯವನು ಕೂಗ್ತಿದ್ದ, ಲಿಫ್ಟ್ ಎಷ್ಟು ಹೊತ್ತು ಸಾರ್ ಅಂತ. ಫೋನಿನ ಆ ಕಡೆ ಪುಟ್ಟಿಯ ದನಿ — "ಅಮ್ಮಾ, ಕಾರಾ? ಕಾರಿನವರಾ?" ಕಾರಿನವರು. ಅಂತೂ ಒಂದು ಹೆಸರು ಬಂತು ನನಗೆ.

"ಹದಿನಾಲ್ಕಕ್ಕೆ ನೀವು ಬರಬೇಡಿ" ಅಂದಳು.

"ಬರಬೇಡಿ ಅಂದ್ರೆ... ಆಮೇಲೆ ಬರಲಾ, ಅಥವಾ..."

ಇಟ್ಟಿದ್ದಳು.


ಏಪ್ರಿಲ್ 4, ರಾತ್ರಿ 11:10

ಕೆಲಸ ಮುಗಿಸಿ ನಮ್ಮ ಪಂಪಿಗೆ ಹೋದೆ. ಅರ್ಧ ಲೀಟರ್. ಕಾರ್ಡ್ ಉಜ್ಜಿದೆ.

ಮೆಸೇಜ್ ಹೋಗಿರುತ್ತೆ. ಇಲ್ಲಿದ್ದೀನಿ. ಅಷ್ಟೇ ಹೇಳೋಕಾಗೋದು.


ಏಪ್ರಿಲ್ 5, ರಾತ್ರಿ 11:05

ಅರ್ಧ ಲೀಟರ್.

ಬ್ಯಾಗ್ ಮೇಲಕ್ಕೆ ತಂದೆ. ಬಟ್ಟೆ ಕಪಾಟಿಗೆ ಜೋಡಿಸಿದೆ. ಖಾಲಿ ಬ್ಯಾಗ್ ಬೇಕರಿ ಅಣ್ಣನಿಗೆ ಕೊಟ್ಟೆ. ಯಾಕೋ ಅಂದ. ನಿನ್ನ ಟ್ರಂಕಲ್ಲಿ ಹಿಡಿಯದ್ದು ಹಾಕ್ಕೋ ಅಂದೆ. "ಹಾಗಾದರೆ ನಾನು ಹೋಗೋದು ಖಾಯಂ ಆಯ್ತಾ?" ನನಗೆ ಗೊತ್ತಿದ್ದರೆ ತಾನೆ ಹೇಳೋಕೆ.


ಏಪ್ರಿಲ್ 8, ರಾತ್ರಿ 11:20

ಅರ್ಧ ಲೀಟರ್ ಹಿಡಿಯಲಿಲ್ಲ. ಟ್ಯಾಂಕ್ ಪೂರ್ತಿ ತುಂಬಿದೆ. ವಾಟರ್ ಪಂಪ್ ಹಾಕಿಸೋ ತನಕ ಕೆಲಸಕ್ಕೆ ಬಸ್ಸು, ಗಾಡಿ ಓಡೋದು ಇಲ್ಲಿಗೆ ಮಾತ್ರ, ಖರ್ಚೇ ಇಲ್ಲ. ಪಂಪ್ ಹುಡುಗರು ನಗ್ತಿದ್ದಾರೆ. ಮೇಡಂ ಮಾತ್ರ ನಗಲಿಲ್ಲ. "ಒಂದು ನೀರಿನ ಬಾಟಲ್ ತಗೊಳ್ಳಿ ಸಾರ್, ಅದಕ್ಕೂ ಮೆಸೇಜ್ ಹೋಗುತ್ತೆ." ಅವತ್ತು ಎಲ್ಲಾ ಕೇಳಿಸಿಕೊಂಡಿದ್ದರಲ್ಲ.

ನೀರು ತಗೊಂಡೆ.


ಏಪ್ರಿಲ್ 10, ರಾತ್ರಿ 11:50

ನೀರು. ನಿನ್ನೆ ರಜೆ ಇತ್ತು. ಕಾಲು ಕಡೀತು, ಸುಳ್ಳಲ್ಲ. ಬೀಗದಕೈ ಎರಡು ಸಲ ಕೈಗೆ ತಗೊಂಡೆ. ಗ್ಯಾರೇಜಿಗೆ ಹೋಗಿ ವಾಟರ್ ಪಂಪ್ ಹಾಕಿಸೋಕೆ ಕೂತೆ. ಇಡೀ ದಿನ. ಅಕ್ಕನಿಗೆ ಸ್ಪ್ಯಾನರ್ ಕೊಡ್ತಾ ಎಲ್ಲಾ ಹೇಳಿದೆ. ಕೇಳಿ ಮುಗಿದ ಮೇಲೆ ಅವಳು ಕೈ ಒರೆಸ್ತಾ ಅಂದಳು — "ನಾನು ಬಾ ಅಂದಿದ್ದು ಗಾಡಿಗೆ ಕಣಯ್ಯ. ನಿನಗಲ್ಲ. ಗಾಡಿ ಅಲ್ಲೇ ಬಿಟ್ಟು ಬಸ್ ಹತ್ತಬಹುದಿತ್ತು ನೀನು. ಬಸ್ ನಿಲ್ಲೋ ಜಾಗ ತಾನೆ ಅದು?"

ಹೌದು. ಎರಡು ಗಂಟೆ ಕೂತಿದ್ದೆ. ಎಷ್ಟು ಬಸ್ ಬಂದು ಹೋದವು. ನಾನು ಮುಳ್ಳು ಇಳಿಯೋದನ್ನೇ ಕಾಯ್ತಿದ್ದೆ.

ಎರಡನೇ ಸೀಲು ಒತ್ತಿದಳು. "ಸರ್ವಿಸ್ ಅಲ್ಲ ಇದು, ರಿಪೇರಿ" ಅಂದೆ. "ನಾನು ಕೊಡ್ತಿರೋದು, ತೆಪ್ಪಗೆ ಇಟ್ಕೋ."


ಏಪ್ರಿಲ್ 13, ರಾತ್ರಿ 11:25

ನಿಧಾನ. ನಿಧಾನಕ್ಕೆ ಹೇಳು. ಮೊದಲಿಂದ.

ಹತ್ತೂವರೆಗೆ ಪಂಪಿಗೆ ಹೋದೆ. ನೀರಿನ ಬಾಟಲ್ ತಗೊಂಡು ಕಾರ್ಡ್ ಕೊಟ್ಟೆ. ಮೇಡಂ ಉಜ್ಜಲಿಲ್ಲ. ಕೌಂಟರ್ ಕೆಳಗೆ ಬಗ್ಗಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಎತ್ತಿ ಇಟ್ಟರು.

"ನಿಮ್ಮ ಸೀಟು ಸಾರ್."

"ಓಟಿಪಿ..."

"ಬೇಡ. ಮೇನ್ ಮೆಂಬರೇ ಬುಕ್ ಮಾಡಿದ್ದಾರೆ. ತಗೊಳ್ಳೋ ಜಾಗ ಅಂತ ನಮ್ಮ ಪಂಪ್ ಕೊಟ್ಟಿದ್ದಾರೆ."

"ಯಾವಾಗ?"

ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಇವತ್ತು, ರಾತ್ರಿ 8:20. ಅದರ ಕೆಳಗೆ ಇನ್ನೊಂದು ಸಾಲು. ಜ್ಯೂಸ್, ಎರಡು, ಅದೇ ಹೊತ್ತಿಗೆ, ಅವಳ ನಂಬರ್ ಹೇಳಿ ತಗೊಂಡಿದ್ದು. ಪಂಪಿನ ಹೆಸರು ಓದಿದೆ. ಮತ್ತೆ ಓದಿದೆ. ಕವಲಿನ ಪಂಪು. ಬಸ್ಸುಗಳು ನಿಲ್ಲೋ ಜಾಗ.

ಇರೋ ಜಾಗ ಹೇಳಿದ್ದಾಳೆ. ಕಾರ್ಡ್ ಕೈಲಿ.

ವಾಂತಿ ಬರುತ್ತೆ ಅಂತಿದ್ದ ಪುಟ್ಟಿ ಬಸ್ಸಲ್ಲಿದ್ದಾಳೆ. ಕವಲಿಂದ ಇಲ್ಲಿಗೆ ಬಸ್ಸಿಗೆ ಆರು ಗಂಟೆ. ಎರಡೂವರೆ. ಬಸ್ ಸ್ಟ್ಯಾಂಡಿಗೆ ಒಂದೂವರೆಗೇ ಹೋಗಿ ನಿಲ್ತೀನಿ. ಬೇಕರಿ ಅಣ್ಣನನ್ನ ಎಬ್ಬಿಸಿ ಹೇಳಿದೆ. ಬೈಯ್ತಾನೆ ಅನ್ಕೊಂಡೆ. ಲುಂಗಿಯಲ್ಲೇ ಟ್ರಂಕ್ ಎತ್ಕೊಂಡು ಹೊರಟ, ನನ್ನ ಬ್ಯಾಗ್ ಹೆಗಲಿಗೆ ಹಾಕ್ಕೊಂಡು. "ಬೆಳಿಗ್ಗೆ ಬಿಸಿ ಬನ್ ಕಳಿಸ್ತೀನಿ, ಗಾಳಿಪಟ" ಅಂದ.

ಡಿಕ್ಕಿ ಒರೆಸಿಟ್ಟೆ. ಸೈಕಲ್ ಬಸ್ಸಿನ ಹೊಟ್ಟೆಯೊಳಗೆ ಬರ್ತಿರುತ್ತೆ, ಅದನ್ನ ಬಿಟ್ಟು ಪುಟ್ಟಿ ಬರಲ್ಲ. ಟೈರ್ ಗಾಳಿ ನೋಡಿದೆ. ಕೂಲೆಂಟ್ ನೋಡಿದೆ. ಈಗ ಹಿಂದಿನ ಸೀಟಲ್ಲಿ ಮಂಡಿಯೂರಿ ಈ ಕೆಂಪು ಸೀಟು ಕೂರಿಸ್ತಿದ್ದೀನಿ... ಯಾವ ಕಿಟಕಿ? ಎಡದ್ದೋ ಬಲದ್ದೋ. ಎರಡೂ ನಿಂದೇ ಅಂದಿದ್ದೆ. ಬಂದ ಮೇಲೆ ಅವಳೇ ಹೇಳಲಿ. ಸದ್ಯಕ್ಕೆ ಎಡಕ್ಕೆ. ಬೆಲ್ಟ್ ಹಿಂದಿಂದ ಬರಬೇಕು, ಈ ಕೊಕ್ಕೆಯೊಳಗೆ... ಇಲ್ಲ, ಇದಲ್ಲ... ಹಾಂ —

ಫೋನು. ಅವಳೇ.

ಹಲೋ? ಕೇಳಬೇಡ, ಇರು, ನಾನೇ ಹೇಳ್ತೀನಿ. ಮನೆ ಕೆಳಗೆ, ಕಾರಲ್ಲಿ, ಹಿಂದಿನ ಸೀಟಲ್ಲಿ —